ಸೇವ್ ಮಾಡದ ಜಗಳ

ನಮ್ಮೂರಿನಲ್ಲಿ ಮಾತು ಹೊಸ್ತಿಲು ದಾಟುವುದಿಲ್ಲ. ಮನೆಯೊಳಗೆ ಎಷ್ಟು ಬೇಕಾದರೂ ಕೂಗಾಡಿ, ಹಾಡಿ, ಸೀನಿ. ಬಾಗಿಲಾಚೆ ಕಾಲಿಟ್ಟರೆ ಬಾಯಿ ಆಡುತ್ತದೆ, ದನಿ ಬರುವುದಿಲ್ಲ. ಪರವೂರಿನಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಮೊದಮೊದಲು ಬೀದಿಯಲ್ಲಿ ನಿಂತು ಗಂಟಲು ಸರಿಮಾಡಿಕೊಳ್ಳುತ್ತಾರೆ. ಆಮೇಲೆ ಅವರಿಗೂ ಕೈಸನ್ನೆ ಬಂದುಬಿಡುತ್ತದೆ. ನಮ್ಮ ನಾಯಿಗಳು ಕೂಡ ಬೊಗಳುವ ಗೋಜಿಗೆ ಹೋಗದೆ ಬಾಲ ನೆಟ್ಟಗೆ ಮಾಡಿ ನಿಲ್ಲುತ್ತವೆ, ಬರುವವರು ಅಷ್ಟಕ್ಕೇ ಹೆದರಿಕೊಳ್ಳುತ್ತಾರೆ. ಸೊಪ್ಪಿನವಳು ಕೇರಿಯ ಮೊದಲನೇ ಮನೆಯೊಳಗೆ ಹೋಗಿ, ಅವರಿಗೊಂದು ಕಟ್ಟು ದಂಟಿನ ಸೊಪ್ಪು ಕೊಟ್ಟು, ಅಲ್ಲಿನ ಡಬ್ಬಿಯ ಮುಂದೆ ನಿಂತು ಕೂಗುತ್ತಾಳೆ. ಇಡೀ ಕೇರಿಗೆ ಕೇಳುತ್ತದೆ.

ಡಬ್ಬಿ ಎಂದರೆ ಮಾತಿನ ಡಬ್ಬಿ. ಪ್ರತಿ ಮನೆಯ ಬಾಗಿಲುವಾಡದ ಪಕ್ಕ, ದೇವರ ಪಟಕ್ಕಿಂತ ಗೇಣು ಕೆಳಗೆ, ಅದನ್ನು ಹೊಡೆದಿರುತ್ತಾರೆ. ಅದರಿಂದ ಹೊರಟ ವೈರು ಮಾಡಿನ ಮೇಲೆ ಹಾದು ಊರ ನಡುವಿನ ಸ್ವಿಚ್ ಕೋಣೆಗೆ ಬರುತ್ತದೆ. ದೀಪ ಹಾಕುವ ಸ್ವಿಚ್ ಅಲ್ಲ. ಇದು ಸಾಲಾಗಿ ಕಿಂಡಿಗಳಿರುವ ಕಬ್ಬಿಣದ ಪೆಟ್ಟಿಗೆ. ಮನೆಗೊಂದು ಕಿಂಡಿ, ಕಿಂಡಿಗೊಂದು ಹಸಿರು ದೀಪ. ಯಾರ ಮಾತು ಯಾರಿಗೆ ಹೋಗಬೇಕು ಎಂಬುದನ್ನು ನೋಡಿಕೊಳ್ಳುವುದು ಅದರ ಕೆಲಸ, ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ. ನನ್ನ ಹೆಸರು ಸರ್ವಮಂಗಳ, ಊರವರಿಗೆಲ್ಲ ಮಂಗಳಿ. ಬೇರೆ ಕೇರಿಗೆ ಮಗಳನ್ನು ಕೊಟ್ಟವರಿಗೆ ಅವಳ ಮನೆಗೊಂದು ಲೈನು ಹಾಕಿಕೊಡುತ್ತೇನೆ. ಒಂದೇ ಕೇರಿಯ ಮನೆಗಳಿಗೆ ಪರಸ್ಪರ ಎಲ್ಲವೂ ಕೇಳುತ್ತದೆ: ಕುಕ್ಕರಿನ ಸೀಟಿ, ಮಗ್ಗಿ ಹೇಳುವ ಮಕ್ಕಳು, ಗಂಡಹೆಂಡಿರ ಕೊಸರಾಟ. ಬೇರೆ ಊರುಗಳಲ್ಲಿ ಇವೆಲ್ಲ ಗೋಡೆ ದಾಟಿ ಹೋಗುತ್ತವಂತೆ, ನಮ್ಮಲ್ಲಿ ವೈರಿನಲ್ಲಿ ಹೋಗುತ್ತವೆ, ಅಷ್ಟೇ.

ಜಗಳವಾದರೆ ಜನ ನನ್ನ ಹತ್ತಿರ ಬರುತ್ತಾರೆ. 'ನಮ್ಮನೆಗೂ ಅವರ ಮನೆಗೂ ಕಟ್ ಮಾಡಮ್ಮ' ಎನ್ನುತ್ತಾರೆ. ಏಕೆಂದು ನಾನು ಕೇಳುವ ಹಾಗಿಲ್ಲ, ಆಗುವುದಿಲ್ಲ ಎನ್ನುವ ಹಾಗೂ ಇಲ್ಲ. ಎರಡು ಸಾಲು ಟೈಪು ಮಾಡಿದರೆ ಆ ಎರಡು ಮನೆಗಳ ನಡುವೆ ಮಾತು ನಿಲ್ಲುತ್ತದೆ, ಉಳಿದವರಿಗೆ ಇಬ್ಬರದೂ ಕೇಳುತ್ತಿರುತ್ತದೆ. ಇದಕ್ಕೊಂದು ಕಟ್ಟುಪಾಡಿದೆ. ಕಟ್ ಆದವರ ಮಾತನ್ನು ಉಳಿದವರು ಅತ್ತಿಂದಿತ್ತ ಒಯ್ಯಬಾರದು. ಚಾಡಿ ಹೇಳುವುದರಲ್ಲಿ ನಮ್ಮೂರವರು ಯಾರಿಗೂ ಕಡಿಮೆಯಿಲ್ಲ, ಆದರೆ ಈ ಕಟ್ಟುಪಾಡನ್ನು ಮಾತ್ರ ಯಾರೂ ಮುರಿಯುವುದಿಲ್ಲ. ಒಳ್ಳೆಯ ಮಾತಾದರೂ ಒಯ್ಯುವುದಿಲ್ಲ, ಕಷ್ಟ ಇರುವುದೇ ಅಲ್ಲಿ.

ನಾನು ಕೆಲಸಕ್ಕೆ ಸೇರಿ ಮಾಡಿದ ಮೊದಲ ಕಟ್ ನಮ್ಮಮ್ಮನದೇ. ನಮ್ಮಮ್ಮ ಚೆನ್ನಾಜಮ್ಮ, ಎದುರು ಮನೆಯಲ್ಲಿ ಅವಳ ತಂಗಿ ನಂಜಮ್ಮಣ್ಣಿ, ನನ್ನ ಚಿಕ್ಕಮ್ಮ. ಇಬ್ಬರನ್ನೂ ಒಂದೇ ಕೇರಿಗೆ ಕೊಟ್ಟಿದ್ದರು, ಇಬ್ಬರಿಗೂ ಒಂದೇ ಮೂಗು, ಒಂದೇ ಮೊಂಡು. ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಚಿಕ್ಕಮ್ಮ ಡಬ್ಬಿಯಲ್ಲಿ ಕೇಳುತ್ತಿದ್ದಳು: 'ಏನಕ್ಕಾ ಇವತ್ತು ಸಾರು?' ಅಮ್ಮ ಅಲ್ಲಿಂದ ಶುರುಮಾಡಿದರೆ ಬೇಳೆ ಬೇಯದ್ದು, ಹುಣಸೆಹಣ್ಣು ಹಳೆಯದಾದದ್ದು, ನಾನು ಬದನೆಕಾಯಿ ಎತ್ತಿಟ್ಟದ್ದು, ಎಲ್ಲ ವರದಿಯಾಗುತ್ತಿತ್ತು. ಚಿಕ್ಕಮ್ಮ ನಡುನಡುವೆ 'ಹ್ಞೂಂ ಹ್ಞೂಂ' ಎನ್ನುತ್ತ ತನ್ನ ಒಲೆ ಹಚ್ಚುತ್ತಿದ್ದಳು.

ಜಗಳವಾದದ್ದು ಶ್ಯಾವಿಗೆ ಒರಳಿನಿಂದ. ನಮ್ಮಜ್ಜಿಯ ಕಾಲದ ಒರಳು, ಮೂರು ಕಾಲಿನದು, ಚಿಕ್ಕಮ್ಮ ಹಬ್ಬಕ್ಕೆಂದು ಒಯ್ದವಳು ಎರಡು ಕಾಲಿನದನ್ನಾಗಿ ತಂದು ನಿಲ್ಲಿಸಿದಳು. ನಿಲ್ಲಿಸಿದಳು ಎಂದರೆ ಗೋಡೆಗೆ ಒರಗಿಸಿದಳು. 'ಮುಂಚೆನೇ ಬಿರುಕು ಬಿಟ್ಟಿತ್ತಕ್ಕ' ಎಂದಳು. ಅಮ್ಮ 'ಸರಿ ಮಾಡಿಸಿಕೊಂಡು ಬಾ, ಇಲ್ಲಾಂದ್ರೆ ನಿನ್ನ ಮುಖ ತೋರಿಸಬೇಡ' ಎಂದು ಒರಳನ್ನು ಅವಳ ಕೈಗೇ ವಾಪಸ್ಸು ಕೊಟ್ಟಳು. ಅದೇ ಮಧ್ಯಾಹ್ನ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸ್ವಿಚ್ ಕೋಣೆಗೆ ಬಂದು, ಮಗಳೆಂಬ ಮುಲಾಜೂ ಇಲ್ಲದೆ 'ಕಟ್ ಮಾಡು' ಎಂದಳು. ಮಾಡಿದೆ. ಆವತ್ತಿನಿಂದ ನಮ್ಮ ಮನೆಯಲ್ಲಿ ದಿನಾ ತಿಳಿಸಾರು. ಕೇಳುವವರಿಲ್ಲದ ಮೇಲೆ ಅಮ್ಮನಿಗೆ ಬೇರೆ ಮಾಡಬೇಕೆಂದೇ ಅನಿಸಲಿಲ್ಲ. ಮೊದಲು ಮೂರು ಊರಿಗಾಗುವಷ್ಟು ಮಾತಾಡುತ್ತಿದ್ದವಳು ಬರಬರುತ್ತ 'ಬಂದ್ಯಾ, ಊಟ ಮಾಡು, ಮಲಕ್ಕೊ' ಎಂಬಲ್ಲಿಗೆ ಬಂದು ನಿಂತಳು. ನನಗೆ ಸಾರಿಗಿಂತ ಅದರದ್ದೇ ಹೆಚ್ಚು ಸಂಕಟ.

ಹೀಗೇ ವರ್ಷಗಳು ಕಳೆದ ಮೇಲೆ ಸ್ವಿಚ್ಚಿಗೆ ಕಾಯಿಲೆ ಬಂತು. ಇದ್ದಕ್ಕಿದ್ದಂತೆ ದೀಪಗಳೆಲ್ಲ ಮಿನುಗುವುದನ್ನು ಬಿಟ್ಟು ಹಾಗೇ ನಿಂತುಬಿಡುತ್ತಿದ್ದವು. ಊರಿಗೆ ಊರೇ ಮೂಕ. ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಬಿಟ್ಟು ತಾನೇ ಚೇತರಿಸಿಕೊಳ್ಳುತ್ತಿತ್ತು. ದಿನ ಕಳೆದಂತೆ ಆ ಹೊತ್ತು ಉದ್ದವಾಯಿತು. ಪೆಟ್ಟಿಗೆ ಮಾಡಿದ ಕಂಪನಿಯವರನ್ನು ವಿಚಾರಿಸಿದರೆ, ಒಳಗಿನ ಫರ್ಮ್‌ವೇರ್ ಹಳೆಯದಾಗಿದೆ, ಹೊಸದನ್ನು ಹಾಕಿ, ಇಲ್ಲದಿದ್ದರೆ ಒಂದು ದಿನ ಏಳುವುದೇ ಇಲ್ಲ ಎಂದರು. ಫರ್ಮ್‌ವೇರ್ ಎಂದರೆ ಆ ಪೆಟ್ಟಿಗೆಯ ಸ್ವಂತ ಬುದ್ಧಿ. ಹೊಸ ಬುದ್ಧಿ ಪೆನ್‌ಡ್ರೈವಿನಲ್ಲಿ ಬಂತು, ಜೊತೆಗೆ ಹೇಗೆ ಹಾಕಬೇಕೆಂಬ ವಿವರಣೆ. ಅದರ ಮೊದಲ ಮಾತೇ ಇದು: 'ರೀಸ್ಟಾರ್ಟ್ ಮಾಡುವ ಮೊದಲು ಈಗಿನ ಸೆಟ್ಟಿಂಗನ್ನು ಸೇವ್ ಮಾಡಿ. ಸೇವ್ ಆಗದ್ದು ಅಳಿಸಿಹೋಗುತ್ತದೆ.'

ನಾನು ಅದನ್ನು ಓದಿ ಕೈ ಕೆನ್ನೆಗಿಟ್ಟು ಕುಳಿತೆ. ಏಕೆಂದರೆ ಕೆಲಸಕ್ಕೆ ಸೇರಿದಾಗಿನಿಂದ ನಾನು ಒಮ್ಮೆಯೂ ಸೇವ್ ಮಾಡಿರಲಿಲ್ಲ. ನನಗೆ ಕೆಲಸ ಕಲಿಸಿದ ತುಂಗಕ್ಕ ಹೇಳಿಕೊಟ್ಟದ್ದೇ ಹಾಗೆ: 'ಕರೆಂಟ್ ಹೋಗಿ ಬಂದ ಮೇಲೆ ಸೇವ್ ಮಾಡು, ಬೇರೆ ಯಾವಾಗಲೂ ಮುಟ್ಟಬೇಡ.' ಅವಳ ಕಾಲದಲ್ಲಿ ಕರೆಂಟು ವಾರಕ್ಕೆರಡು ಸಲ ಹೋಗುತ್ತಿತ್ತು. ನಾನು ಸೇರಿದ ವರ್ಷವೇ ಊರ ಸಮಿತಿಯವರು ಸ್ವಿಚ್ಚಿಗೆ ದೊಡ್ಡ ಬ್ಯಾಟರಿ ಹಾಕಿಸಿ, ಅದಕ್ಕೆ ಹೂವಿನ ಹಾರ ಹಾಕಿ, ಲಾಡು ಹಂಚಿದ್ದರು. ಆಮೇಲೆ ಊರೆಲ್ಲ ಕತ್ತಲಾದರೂ ಸ್ವಿಚ್ ಒಂದು ಸಲವೂ ಆರಿರಲಿಲ್ಲ.

ತುಂಗಕ್ಕನ ಮನೆಗೆ ಹೋದೆ. ಅವಳು ಅಕ್ಕಿಯನ್ನು ಮೊರದಲ್ಲಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ವಿಷಯ ಹೇಳಿದೆ. ಅವಳು ಕೈ ನಿಲ್ಲಿಸದೆಯೇ ಕೇಳಿದಳು, 'ಸೇವ್ ಮಾಡಿದ್ರೆ ಏನೇನು ಸೇವ್ ಆಗುತ್ತೆ?'

'ಈಗ ಪೆಟ್ಟಿಗೆ ತಲೇಲಿ ಏನಿದೆಯೋ ಅಷ್ಟೂ. ಮದುವೆ ಲೈನು, ಹೊಸ ಮನೆ, ಕಟ್, ಎಲ್ಲ.'

'ಕಟ್ ಕೂಡ ಆಗುತ್ತೆ, ಅಲ್ವಾ? ಅದಕ್ಕೇ ಮಗಾ ನಾನು ಮಾಡ್ತಿರಲಿಲ್ಲ. ಕರೆಂಟ್ ಹೋದ್ರೆ ಜಗಳಗಳೆಲ್ಲ ಅಳಿಸಿಹೋಗೋವು. ಬಂದ ತಕ್ಷಣ, ಯಾರೂ ಬಾಗಿಲಿಗೆ ಬರೋಕೆ ಮುಂಚೆ, ಮದುವೆಯಾದೋರ ಲೈನು, ಹೊಸ ಮನೆ ಲೈನು ಹಾಕಿ ಸೇವ್ ಮಾಡಿಬಿಡ್ತಿದ್ದೆ. ಸಿಟ್ಟು ಇನ್ನೂ ಇದ್ದೋರು ಬಂದು ಮತ್ತೆ ಕಟ್ ಮಾಡು ಅನ್ನೋರು. ಮಾಡ್ತಿದ್ದೆ. ಆದ್ರೆ ನೂರಕ್ಕೆ ತೊಂಬತ್ತು ಜನ ಬರ್ತಿರಲಿಲ್ಲ ಕಣೆ. ಅಷ್ಟರಲ್ಲಿ ಅವರ ಮನೆ ಮಗು ಅತ್ತಿದ್ದು ಇವರಿಗೆ ಕೇಳಿರೋದು, ಇವರ ಕೆಮ್ಮು ಅವರಿಗೆ ಕೇಳಿರೋದು. ಮುಗೀತಲ್ಲ.'

'ಇದನ್ನ ನನಗೆ ಮೊದಲೇ ಯಾಕೆ ಹೇಳಲಿಲ್ಲ ತುಂಗಕ್ಕ?'

'ಕರೆಂಟು ಹೋಗದೇ ಇರೋ ಕಾಲ ಬರುತ್ತೆ ಅಂತ ನನಗೇನು ಗೊತ್ತಿತ್ತು?' ಎಂದು ಅವಳು ಒಂದು ಕಲ್ಲನ್ನು ಎತ್ತಿ ಬಾಗಿಲಾಚೆ ಎಸೆದಳು. ಸದ್ದಾಗಲಿಲ್ಲ. 'ನಿಮ್ಮ ಬ್ಯಾಟರಿ ಬಂದಾಗಿನಿಂದ ಊರು ಬಿಗಿಯಾಗಿಬಿಟ್ಟಿದೆ. ನನಗೆ ವಯಸ್ಸಾಯ್ತು, ಕಿವಿ ಮಂದ ಆಯ್ತು ಅಂದ್ಕೊಂಡಿದ್ದೆ.'

ಬಾಗಿಲವರೆಗೆ ಬಂದವಳು ನನ್ನ ರಟ್ಟೆ ಹಿಡಿದು ಒಳಗೇ ನಿಲ್ಲಿಸಿಕೊಂಡಳು. 'ಒಂದು ಕಟ್ ಮಾತ್ರ ನಾನೇ ಸೇವ್ ಮಾಡಿಟ್ಟಿದೀನಿ. ಜಯಶೀಲೆ ಮನೆಗೂ ಅವಳ ಗಂಡನ ಮನೆಗೂ ಇರೋದು. ಅದು ಜಗಳ ಅಲ್ಲ ಕಣೆ, ಅದು ಭಯ. ಪೆಟ್ಟಿಗೆ ಎದ್ದ ತಕ್ಷಣ ಮೊದಲು ಅದು ಇದೆಯಾ ನೋಡು.' ಆ ಹುಡುಗಿ ಮೈಮೇಲೆ ಬರೆ ಹೊತ್ತುಕೊಂಡು ತವರಿಗೆ ಬಂದದ್ದು ಊರಿಗೆಲ್ಲ ಗೊತ್ತಿತ್ತು. ನೋಡುತ್ತೇನೆ ಎಂದು ಮಾತು ಕೊಟ್ಟೆ.

ನಾಳೆ ಮಧ್ಯಾಹ್ನ ಊಟವಾದ ಮೇಲೆ ಅಪ್‌ಗ್ರೇಡ್ ಎಂದು ಎಲ್ಲ ಡಬ್ಬಿಗಳಲ್ಲೂ ಸಾರಿದೆ, ಸ್ವಲ್ಪ ಹೊತ್ತು ಮಾತಿರುವುದಿಲ್ಲ, ಹೆದರಬೇಡಿ ಎಂದೆ. ಜಗಳದ ವಿಷಯ ಎತ್ತಲಿಲ್ಲ. ಮಾರನೆಯ ಬೆಳಿಗ್ಗೆ ಅಮ್ಮ ನನ್ನ ತಟ್ಟೆಗೆ ತಿಳಿಸಾರು ಸುರಿಯುತ್ತ, 'ನನ್ನ ಕಟ್ ಹಾಗೇ ಇರ್ಲಿ, ಹೇಳಿದೀನಿ' ಎಂದಳು. ಎಷ್ಟೋ ದಿನದ ಮೇಲೆ ಅವಳಾಡಿದ ಉದ್ದ ಮಾತೇ ಅದು. ನಾನು ಹ್ಞೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ, ಉಪ್ಪು ಕೇಳಿದೆ.

ಸ್ವಿಚ್ ಕೋಣೆಗೆ ಹೋದರೆ ಸಮಿತಿಯ ಅಧ್ಯಕ್ಷರು ಮಲ್ಲಾರಾಧ್ಯರು ಆಗಲೇ ಸ್ಟೂಲಿನ ಮೇಲೆ ಕುಳಿತಿದ್ದರು. ಬ್ಯಾಟರಿ ಹಾಕಿಸಿದವರು ಅವರೇ. ಅವರಿಗೂ ಒಂದು ಕಟ್ ಇತ್ತು, ಭಾವಮೈದುನನ ಮನೆಯೊಂದಿಗೆ. ಯಾವುದೋ ಗೃಹಪ್ರವೇಶದಲ್ಲಿ ಅವರನ್ನು ಎರಡನೇ ಪಂಕ್ತಿಗೆ ಕೂರಿಸಿದ್ದನಂತೆ.

ವೈರು ಚುಚ್ಚಿ ಲ್ಯಾಪ್‌ಟಾಪ್ ತೆರೆದೆ. ಹೊಸ ಫರ್ಮ್‌ವೇರ್ ಪೆಟ್ಟಿಗೆಯೊಳಗೆ ನಿಧಾನವಾಗಿ ಇಳಿಯಿತು. ಪೂರ್ತಿ ಬಂತೋ ಇಲ್ಲವೋ ಎಂದು ವಿವರಣೆಯಲ್ಲಿದ್ದ ಉದ್ದನೆಯ ಸಂಖ್ಯೆಯನ್ನೂ ಪರದೆಯ ಮೇಲಿನದನ್ನೂ ಬೆರಳಿಟ್ಟು ತಾಳೆ ನೋಡಿದೆ. ಸರಿಯಿತ್ತು. ರೀಸ್ಟಾರ್ಟ್ ಕೊಟ್ಟೆ. ಪರದೆ ಕೇಳಿತು: ಈಗಿನ ಸೆಟ್ಟಿಂಗ್ ಸೇವ್ ಮಾಡಬೇಕೆ, ಬೇಡವೆ?

'ಬೇಕು ಅನ್ನು' ಎಂದರು ಮಲ್ಲಾರಾಧ್ಯರು. 'ಎಲ್ಲಾ ಇದ್ದ ಹಾಗೇ ಇರಬೇಕು.'

'ಸ್ವಾಮಿ, ಬೇಕು ಅಂದ್ರೆ ಕಟ್‌ಗಳೂ ಸೇವ್ ಆಗುತ್ವೆ.'

'ಆಗ್ಲಿ.'

'ಇಷ್ಟು ದಿನ ಅವು ಪೆಟ್ಟಿಗೆ ನೆನಪಲ್ಲಿ ಇದ್ದವು ಅಷ್ಟೇ. ಸೇವ್ ಆದ್ರೆ ಬರೆದಿಟ್ಟ ಹಾಗೆ. ಕರೆಂಟ್ ಹೋದ್ರೂ ಹೋಗಲ್ಲ, ನೀವು ಹೋದ್ರೂ ಹೋಗಲ್ಲ. ನಿಮ್ಮ ಮೊಮ್ಮಗ ನಿಮ್ಮ ಮನೇಲೇ ಕೂತು, ಎದುರುಗಡೆ ತನ್ನ ಅಜ್ಜಿ ತವರಿದೆ ಅಂತಾನೂ ಗೊತ್ತಿಲ್ಲದೆ ಬೆಳೀತಾನೆ. ಬೇಡ ಅಂದ್ರೆ, ಸಿಟ್ಟು ಇರೋರು ನಾಳೆ ಬಂದು ಹೇಳಲಿ, ಮೊದಲಿನ ಹಾಗೇ ಬಾಯಿ ಮುಚ್ಕೊಂಡು ಕಟ್ ಮಾಡಿಕೊಡ್ತೀನಿ. ಮೊದಲು ನಿಮ್ಮದೇ.'

ಅವರು ಪರದೆಯನ್ನು ನೋಡಿದರು, ತಾವೇ ಹಾರ ಹಾಕಿದ್ದ ಬ್ಯಾಟರಿಯನ್ನು ನೋಡಿದರು. ಆಮೇಲೆ ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸತೊಡಗಿದರು. ಒರೆಸಿದ್ದೇ ಒರೆಸಿದ್ದು.

'ಈ ಕನ್ನಡಕದ್ದು ಇದೇ ಗೋಳು' ಎಂದರು. 'ಪರದೆ ಮೇಲೆ ಏನಿದೆಯೋ ಒಂದಕ್ಷರ ಕಾಣ್ತಿಲ್ಲ. ನೀನೇ ಏನಾದ್ರೂ ಮಾಡ್ಕೋ.' ಸ್ಟೂಲನ್ನು ತಿರುಗಿಸಿ ಗೋಡೆಗೆ ಮುಖ ಮಾಡಿ ಕುಳಿತರು. ಆ ಕ್ಷಣ ಆ ಹಟಮಾರಿ ಮುದುಕರ ಬೆನ್ನಿನ ಮೇಲೆ ನನಗೆ ಎಷ್ಟು ಪ್ರೀತಿ ಬಂತೆಂದರೆ, ಕಣ್ಣು ಮಂಜಾಗಿ ನನಗೂ ಪರದೆ ಕಾಣದಂತಾಯಿತು. ಬೇಡ ಎಂದು ಒತ್ತಿದೆ.

ಹಸಿರು ದೀಪಗಳು ಒಟ್ಟಿಗೆ ಆರಿದವು. ಊರು ಮೂಕವಾಯಿತು. ಮೂಲೆಯಲ್ಲಿ ಒಂದೇ ಒಂದು ಕಿತ್ತಳೆ ಬಣ್ಣದ ದೀಪ ಉಳಿಯಿತು. ಬರುತ್ತದೆ ಬರುತ್ತದೆ ಎಂದು ಕಾದೆ, ಬರಲಿಲ್ಲ. ಕಿಟಕಿಯಾಚೆ ಜನ ಮನೆಗಳಿಂದ ಹೊರಗೆ ಬಂದು ಕೈಸನ್ನೆಯಲ್ಲಿ ಏನಾಯಿತು ಎಂದು ಕೇಳಿಕೊಳ್ಳುತ್ತಿದ್ದರು. ಹೊಸ ಬುದ್ಧಿ ಅರ್ಧಕ್ಕೆ ನಿಂತರೆ ಪೆಟ್ಟಿಗೆ ಬರೀ ಕಬ್ಬಿಣ, ತಿರುಗಿ ಏಳುವುದಿಲ್ಲ ಎಂದು ಓದಿದ್ದೆ. ಆಗ ನನ್ನಿಂದಾಗಿ ಇಡೀ ಊರು ಇನ್ನೊಬ್ಬರ ದನಿ ಕೇಳದೆ ಬದುಕಬೇಕು. ಮಲ್ಲಾರಾಧ್ಯರು ಗೋಡೆಯ ಕಡೆ ನೋಡುತ್ತಲೇ, 'ಏನಮ್ಮ?' ಎಂದರು. 'ಇನ್ನೂ ಇಲ್ಲ' ಎಂದೆ. ಅವರು ಏನನ್ನೋ ಜಪಿಸತೊಡಗಿದರು.

ಕೊನೆಗೆ ಕಿತ್ತಳೆ ದೀಪ ಹಸಿರಾಯಿತು. ಅದರ ಹಿಂದೆ ಮೊದಲ ಕಿಂಡಿ, ಎರಡನೆಯದು, ಹೀಗೆ ಸಾಲಾಗಿ ಎಲ್ಲವೂ ಕಣ್ಣು ಬಿಟ್ಟವು. ಮೊದಲು ಜಯಶೀಲೆಯ ಕಟ್ ನೋಡಿದೆ, ಭದ್ರವಾಗಿತ್ತು. ಆಮೇಲೆ ಬಾಗಿಲಿಗೆ ಚಿಲಕ ಹಾಕಿಕೊಂಡು, ಬ್ಯಾಟರಿ ಬಂದಾಗಿನಿಂದ ಆದ ಮದುವೆಗಳನ್ನೂ ಹೊಸ ಮನೆಗಳನ್ನೂ ನೆನಪು ಮಾಡಿಕೊಂಡು ಒಂದೊಂದಾಗಿ ಹಾಕಿದೆ. ನಾನು ಮರೆತದ್ದನ್ನು ಮಲ್ಲಾರಾಧ್ಯರು ಗೋಡೆಗೆ ಹೇಳುತ್ತಿದ್ದರು. ಯಾರ ಮಗಳನ್ನು ಯಾವ ಕೇರಿಗೆ ಕೊಟ್ಟಿದೆ ಎಂಬುದು ಅವರಿಗೆ ಬಾಯಿಪಾಠ. ಸೇವ್ ಮಾಡಿದೆ. ಅವರು ಎದ್ದು ಕನ್ನಡಕ ಏರಿಸಿಕೊಂಡು ಹೊರಟರು. ತಮ್ಮ ಕಟ್ ಮತ್ತೆ ಹಾಕೆಂದು ಕೇಳುತ್ತಾರೇನೋ ಎಂದು ಕಾದೆ. ಕೇಳಲಿಲ್ಲ.

ಸಂಜೆ ಮನೆಗೆ ಬಂದರೆ ಅಮ್ಮ ಡಬ್ಬಿಯ ಕೆಳಗೆ ಮಣೆ ಹಾಕಿಕೊಂಡು ಕುಳಿತಿದ್ದಳು. ಒಲೆ ಹಚ್ಚಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ, ಮನೆಯೊಳಗೇ ಇದ್ದೇವೆ ಎಂಬುದನ್ನೂ ಮರೆತು, ಬೀದಿಯ ಕೈಸನ್ನೆಯಲ್ಲಿ 'ಸದ್ದು ಮಾಡಬೇಡ' ಎಂದಳು. ಡಬ್ಬಿಯಲ್ಲಿ ಚಿಕ್ಕಮ್ಮ ಬೆಕ್ಕನ್ನು ಬಯ್ಯುತ್ತಿದ್ದಳು. ಆಮೇಲೆ ಕೆಮ್ಮಿದಳು, ನೀರು ಕುಡಿದಳು, 'ಅಮ್ಮಯ್ಯಾ, ಸೊಂಟ' ಎಂದು ನರಳುತ್ತ ಕುಳಿತಳು. ಎದುರು ಮನೆಯ ಸದ್ದು ಈ ಮನೆಗೆ ಬರುತ್ತಿದೆ ಎಂಬುದು ಅಮ್ಮನಿಗೆ ಮಧ್ಯಾಹ್ನವೇ ಗೊತ್ತಾಗಿತ್ತು. ಈ ಮನೆಯ ಸದ್ದು ಅಲ್ಲಿಗೆ ಹೋಗದಿರಲೆಂದು ಆವಾಗಿನಿಂದ ಒಂದು ಚಮಚವನ್ನೂ ಅಲ್ಲಾಡಿಸಿರಲಿಲ್ಲ. ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಂಡಿದ್ದಳು. ಕಟ್ ಎಲ್ಲಿ ಹೋಯಿತೆಂದು ನನ್ನ ಮೇಲೆ ಹಾರಿಬೀಳುತ್ತಾಳೆಂದು ಹೆದರಿದ್ದೆ. ಅವಳು ನನ್ನ ಕಡೆ ನೋಡಲೂ ಇಲ್ಲ.

ಬೀದಿ ದೀಪ ಹತ್ತಿತು. ಎದುರು ಮನೆಯಲ್ಲಿ ಕಡ್ಡಿ ಗೀರಿದ ಸದ್ದು, ದೇವರ ದೀಪ. ಆಮೇಲೆ ಚಿಕ್ಕಮ್ಮನ ದನಿ, ತನ್ನ ಪಾಡಿಗೆ ತಾನು, ಬೆಕ್ಕಿಗೆ ಮಾತಾಡಿದಷ್ಟೇ ಸಹಜವಾಗಿ:

'ಏನಕ್ಕಾ ಇವತ್ತು ಸಾರು?'

ಅಮ್ಮ ಉಸಿರು ಹಿಡಿದಳು. ಅತ್ತ ಚಿಕ್ಕಮ್ಮ ಯಾರೋ ಉತ್ತರ ಹೇಳುತ್ತಿರುವಂತೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. 'ಹ್ಞೂಂ ಹ್ಞೂಂ, ಮಾಡು ಮಾಡು' ಎಂದು ತನ್ನ ಒಲೆ ಹಚ್ಚಲು ಹೋದಳು. ಅವಳಿಗೆ ಲೈನು ತೆರೆದದ್ದು ಗೊತ್ತಿರಲಿಲ್ಲ. ಅವಳು ಕೇಳುತ್ತಿದ್ದುದು ಇಷ್ಟು ವರ್ಷವೂ ಹಾಗೆಯೇ, ಕಟ್ ಆದ ವೈರಿಗೆ. ಇಡೀ ಕೇರಿಗೆ ಅದು ದಿನಾ ಸಂಜೆ ಕೇಳಿಸಿತ್ತು. ಕೇಳಿಸದೇ ಇದ್ದದ್ದು ನಮ್ಮ ಮನೆಗೊಂದಕ್ಕೇ.

ಅಮ್ಮನ ಬಳೆಗಳು ಮೊಣಕೈಯಿಂದ ಜಾರಿ ಬಿದ್ದು ಝಲ್ಲೆಂದವು. 'ತಿಳಿಸಾರು ಕಣೇ' ಎಂದಳು.

ಎದುರು ಮನೆಯಲ್ಲಿ ಪಾತ್ರೆಯೊಂದು ಬಿದ್ದು ಉರುಳುತ್ತ ಉರುಳುತ್ತ ಹೋಗಿ ನಿಂತಿತು. ಕೇರಿಯ ಅಷ್ಟೂ ಮನೆಗಳು ಕುಕ್ಕರ್ ಆರಿಸಿ, ಮಕ್ಕಳ ಬಾಯಿ ಮುಚ್ಚಿ ಸುಮ್ಮನಾದವು.

'ಗೊತ್ತು' ಎಂದಳು ಚಿಕ್ಕಮ್ಮ. 'ದಿನಾ ಅದೇ ಒಗ್ಗರಣೆ ವಾಸನೆ. ವಾಸನೆಗೇನು, ಅದು ಹೊಸ್ತಿಲು ದಾಟುತ್ತೆ. ಯಾಕಕ್ಕಾ, ಒಂದು ಹುಳಿ ಮಾಡೋಕೆ ಏನಾಗಿತ್ತು ನಿನಗೆ?'

'ಕೇಳೋರಿಲ್ಲದೆ ಏನ್ ಮಾಡ್ಲಿ?'

'ಕೇಳ್ತಾನೇ ಇದ್ನಲ್ಲಕ್ಕಾ.'

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನಾನೂ ಅತ್ತೆ. ಡಬ್ಬಿಯಲ್ಲಿ ಕೇರಿಯ ಯಾರ್ಯಾರೋ ಮೂಗು ಸೀಟಿಕೊಂಡದ್ದು ಕೇಳಿಸಿತು. ಆದರೆ ನಮ್ಮಮ್ಮ ಚೆನ್ನಾಜಮ್ಮನಲ್ಲವೆ, ಅತ್ತು ಮುಗಿದ ಕೂಡಲೇ ಮುಖ ಒರೆಸಿಕೊಂಡು ಎದ್ದು ನಿಂತಳು.

'ಅದೆಲ್ಲ ಇರ್ಲಿ. ನನ್ನ ಒರಳೆಲ್ಲಿ?'

'ಕಾಲು ಹಾಕಿಸಿ ಇಟ್ಟಿದೀನಿ. ಆ ವಾರವೇ ಹಾಕಿಸಿದ್ದೆ. ಹೇಳೋಣ ಅಂದ್ರೆ ನೀನು ಕಟ್ ಮಾಡಿಸಿದ್ದೆ.'

'ತಂದುಕೊಡೋಕೆ ಕಾಲಿರಲಿಲ್ವಾ ನಿನಗೆ?'

'ಮುಖ ತೋರಿಸಬೇಡ ಅಂದೋಳು ಯಾರು? ಅಷ್ಟಕ್ಕೂ ಅದು ನಾನು ಮುರಿದದ್ದಲ್ಲ!'

'ಮತ್ತೆ ನಮ್ಮಮ್ಮ ಎದ್ದು ಬಂದು ಮುರಿದ್ಲಾ?'

ನಾನು ಮೆಲ್ಲಗೆ, 'ಅಮ್ಮಾ, ನಾಳೆ ಮತ್ತೆ ಕಟ್ ಮಾಡ್ಲಾ?' ಎಂದೆ. 'ತಡಿಯೇ, ಮೊದಲು ಇದು ತೀರ್ಮಾನ ಆಗ್ಲಿ' ಎಂದು ಅವಳು ನನ್ನನ್ನು ಪಕ್ಕಕ್ಕೆ ಸರಿಸಿ ಬಾಗಿಲಿಗೆ ಬಂದಳು.

ಎದುರು ಮನೆಯ ಬಾಗಿಲು ತೆರೆಯಿತು. ಚಿಕ್ಕಮ್ಮ ಒರಳನ್ನು ಮಗುವಿನಂತೆ ಸೊಂಟದ ಮೇಲೆ ಎತ್ತಿಕೊಂಡು ಬೀದಿಗಿಳಿದಳು. ಇಳಿದ ಕೂಡಲೇ ದನಿ ನಿಂತಿತು, ಬಾಯಿ ನಿಲ್ಲಲಿಲ್ಲ. ಖಾಲಿಯಿದ್ದ ಒಂದು ಕೈಯನ್ನು ಬೀಸುತ್ತ, ತಲೆ ಕುಣಿಸುತ್ತ, ಒಂದು ಸದ್ದೂ ಇಲ್ಲದೆ ಜಗಳವಾಡುತ್ತಲೇ ಅವಳು ಬೀದಿ ದಾಟಿದಳು. ಅವಳ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಇಷ್ಟು ವರ್ಷ ಅತ್ತ ತಲೆಯೆತ್ತದಿದ್ದ ಅಮ್ಮ ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದಳು. ಚಿಕ್ಕಮ್ಮ ನಮ್ಮ ಮೆಟ್ಟಿಲು ಹತ್ತಿ ಹೊಸ್ತಿಲಿನ ಈಚೆ ಕಾಲಿಟ್ಟಳು, ಅವಳ ಮಾತು ನಡುವಿನಿಂದಲೇ ನಮ್ಮ ಮನೆಯೊಳಕ್ಕೆ ಬಂತು.

'...ಬಿರುಕು ಮೊದಲೇ ಇತ್ತು ಅಂದ್ರೆ ಇತ್ತು ಅಕ್ಕಾ! ಹಿಟ್ಟು ಕಲಸು, ಅವತ್ತು ಹೇಗೆ ಒತ್ತಿದ್ದೆ ಅಂತ ಒತ್ತಿ ತೋರಿಸ್ತೀನಿ.'